ಆಯಿ ಮಾಡಿದ ಕದ

ಗಾಳಿಹಟ್ಟಿ, ನಡುಗಡಲು
ಫೆಬ್ರವರಿ ಮೂವತ್ತು, ಎರಡು ಸಾವಿರದ ಮುನ್ನೂರ ಹನ್ನೊಂದು

ನಮಗಿಂತ ಮುಂಚೆ ಮಕ್ಕಳನ್ನು ಸಾಕಿದ ತಾಯಿ ತಂದೆಯರಿಗೆ, ಅಜ್ಜ ಅಜ್ಜಿಯರಿಗೆ,

ತಾರೀಖು ನೋಡಿ ನಗಬೇಡಿ. ಫೆಬ್ರವರಿಗೆ ಮೂವತ್ತು ಇಲ್ಲವೆಂದು ನೀವು ಹೇಳುತ್ತೀರಿ. ನಮ್ಮಲ್ಲಿ ಇದೆ, ಮತ್ತು ಅದು ನಮ್ಮ ವರ್ಷದ ಅತಿ ದೊಡ್ಡ ದಿನ. ನನ್ನ ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಪುಸ್ತಕಗಳಿಂದ ಕಲಿತವಳು. ಹಿಗ್ಗಿ ಹೀರೇಕಾಯಿಯಾದ ಮುದುಕಿಯ ಬರಹ ನೆಟ್ಟಗೆ ಬರುವುದಿಲ್ಲ.

ನನ್ನ ಹೆಸರು ಚನ್ನಬಸವ್ವ. ನಮ್ಮ ಮೂಲ ಗದಗ ಸೀಮೆ. ಅಲ್ಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಕಾಯ್ದುಕೊಂಡಿದ್ದ ನಮ್ಮ ಹಿರಿಯರು, ಅಂಥ ಯಂತ್ರಗಳನ್ನು ಕಟ್ಟುತ್ತಿದ್ದ ಡೆನ್ಮಾರ್ಕಿನ ಜನರ ಜೊತೆ ಸೇರಿ ಕಡಲಿನ ನಡುವೆ ಈ ತೇಲುವ ಊರನ್ನು ಮಾಡಿದರು. ಕಡಲನ್ನೇ ಕಾಣದ ಜನ ಕಡಲಲ್ಲಿ ಹಟ್ಟಿ ಹಾಕಿದ್ದು ಹೀಗೆ. ಕೆಲಸದಲ್ಲಿ ಇಬ್ಬರಿಗೂ ಎಂದೂ ಜಗಳವಾಗಲಿಲ್ಲವಂತೆ. ಜಗಳ ಶುರುವಾಗಿದ್ದು ಮಕ್ಕಳು ಹುಟ್ಟಿದ ಮೇಲೆ. ಅವರು ಕೂಸನ್ನು ಬೆಚ್ಚಗೆ ಸುತ್ತಿ, ಬಯಲಿನ ಗಾಳಿಯಲ್ಲಿ ತಳ್ಳುಗಾಡಿಯೊಳಗೆ ಒಂದನ್ನೇ ಮಲಗಿಸಿ ಒಳಗೆ ಹೋಗಿ ಕಾಫಿ ಕುಡಿಯುತ್ತಿದ್ದರು. ಅದನ್ನು ಕಂಡ ನಮ್ಮ ಮುದುಕಿಯರಿಗೆ ಜೀವ ಬಾಯಿಗೆ ಬರುತ್ತಿತ್ತು. ನಾವು ಕೂಸಿಗೆ ಎಣ್ಣೆ ತಿಕ್ಕಿ, ಸುಡು ನೀರು ಹಾಕಿ, ಲೋಬಾನದ ಹೊಗೆ ಕೊಟ್ಟು, ಆಮೇಲೆ ನಾಲ್ಕು ಜನರ ನಡುವೆ ಹಾಕಿಕೊಂಡು ಮಲಗುತ್ತಿದ್ದೆವು. ಅದಕ್ಕೆ ಉಸಿರಾಡಲು ಜಾಗ ಎಲ್ಲಿದೆ ಎಂದು ಅವರು ಗಾಬರಿಯಾಗುತ್ತಿದ್ದರು.

ಜಗಳ ಹರಿಯದೆ, ಕೊನೆಗೆ ನನ್ನ ಓರಗೆಯವರೆಲ್ಲ ದೊಡ್ಡವರಾದ ಮೇಲೆ, ಪ್ರತಿ ಕೂಸಿಗೂ ಎರಡು ಮನೆ ಎಂದಾಯಿತು. ಒಂದು ಪರದೆ ಮನೆ. ಅದು ನಮ್ಮದು. ಅಲ್ಲಿ ಕೋಣೆಗಳಿಗೆ ಬಟ್ಟೆಯ ಪರದೆ ಮಾತ್ರ, ಯಾರು ಎಲ್ಲಿಗೆ ಬೇಕಾದರೂ ನುಗ್ಗಬಹುದು. ಇನ್ನೊಂದು ಕದದ ಮನೆ. ಅದು ಅವರದು. ಅಲ್ಲಿ ಮೂರು ವರ್ಷದ ಮಗುವಿಗೂ ತನ್ನದೊಂದು ಕೋಣೆ, ಕೋಣೆಗೊಂದು ಬಾಗಿಲು, ಮತ್ತು ಅದರಪ್ಪನೇ ಬಂದರೂ ಕದ ಬಡಿದೇ ಒಳಗೆ ಬರಬೇಕು. ಮಗು ಅರ್ಧ ವರ್ಷ ಇಲ್ಲಿ, ಅರ್ಧ ವರ್ಷ ಅಲ್ಲಿ ಬೆಳೆಯುತ್ತದೆ. ಹೊಸ ವರ್ಷ ಯುಗಾದಿಯೋ ಜನವರಿಯೋ ಎಂಬ ಜಗಳವೂ ಹಾಗೇ ಮುಗಿಯಿತು. ಜನವರಿಯಿಂದ ಒಂದು ದಿನ, ಮಾರ್ಚಿನಿಂದ ಒಂದು ದಿನ ಕಿತ್ತು ಫೆಬ್ರವರಿಗೆ ಅಂಟಿಸಿದರು. ಯಾರ ಪಂಚಾಂಗಕ್ಕೂ ಸೇರದ ಈ ದಿನವೇ ಇಬ್ಬರ ಹೊಸ ವರ್ಷ, ಅದೇ ಕೇಳುಹಬ್ಬ.

ಕೇಳುಹಬ್ಬ ಎಂದರೆ ಇಷ್ಟು. ಒಂಬತ್ತು ತುಂಬಿದ ಮಗುವಿನ ಎದುರು ಎರಡೂ ಮನೆಯ ಹಿರಿಯರು ಕೂರಬೇಕು. ಪರದೆ ಮನೆಯವರು ಮಗುವಿಗೆ ಏನು ಬೇಕೆಂದು ಬಾಯಿಬಿಟ್ಟು ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಬೇಕು. ಕದದ ಮನೆಯವರು ಏನನ್ನೂ ಕೇಳದೆ ಏನಾದರೂ ಕೊಡಬೇಕು. ನಿಮಗೆ ಇದು ಮಕ್ಕಳಾಟ ಎನಿಸಬಹುದು. ಎರಡೂ ಕಡೆಯವರಿಗೆ ಇದಕ್ಕಿಂತ ಕಷ್ಟದ ಶಿಕ್ಷೆ ಇನ್ನೊಂದಿಲ್ಲ. ನಾವು ಕೇಳಿ ಅಭ್ಯಾಸವಿಲ್ಲದವರು. ಮಗುವಿನ ಮುಖ ನೋಡಿದರೆ ಅದರ ಹಸಿವು, ನಿದ್ದೆ, ಮುಂದಿನ ಮದುವೆ ಎಲ್ಲವೂ ನಮಗೆ ಗೊತ್ತಾಗಿಬಿಡುತ್ತದೆ. ಅವರಾದರೋ ನೀರು ಬೇಕೇ, ತಣ್ಣಗಿನದೇ, ಈಗಲೇ ಎಂದು ಕೇಳದೆ ಒಂದು ಲೋಟ ಕೂಡ ಮುಂದಿಡುವವರಲ್ಲ.

ಇವತ್ತು ಆ ಹಬ್ಬ ನನ್ನ ಮಗಳ ಮಗಳು ನೀಲಗಂಗಾಳದು. ಆ ಕಡೆಯ ಹಿರಿಯರು ಅವಳ ಅಪ್ಪನ ತಂದೆ, ನನ್ನ ಬೀಗರು, ಆಸ್ಗರ್. ಈ ಕಾಗದ ನಿಮಗೇಕೆ ಎಂದರೆ, ಇಲ್ಲಿ ಮೊಮ್ಮಕ್ಕಳ ಬಗ್ಗೆ ಕೊಚ್ಚಿಕೊಳ್ಳುವಂತಿಲ್ಲ. ನಮಗೆ ದೃಷ್ಟಿಯ ಭಯ, ಅವರಿಗೆ ನಾಚಿಕೆ. ನಮ್ಮ ಎರಡು ಜನಾಂಗಗಳು ಮೊದಲ ದಿನವೇ ಒಪ್ಪಿದ ಸಂಗತಿ ಇದೊಂದೇ. ಅದಕ್ಕೇ ಹಬ್ಬದ ದಿನ ಅಜ್ಜ ಅಜ್ಜಿಯರು ಹಿಂದೋಲೆ ಬರೆಯುತ್ತಾರೆ, ಎಂದರೆ ಕಾಲದಲ್ಲಿ ಹಿಂದಿನವರಿಗೆ ಕಾಗದ. ದೊಡ್ಡ ಯಂತ್ರಗಳು ಅದನ್ನು ಹೇಗೆ ಹಿಂದಕ್ಕೆ ಎಸೆಯುತ್ತವೋ ನನಗೆ ತಿಳಿಯದು. ಮುನ್ನೂರು ವರ್ಷ ದಾಟಿ ನಿಮ್ಮ ದೃಷ್ಟಿ ತಾಗಲಾರದು ಎಂಬ ಧೈರ್ಯದಿಂದ ಹೇಳುತ್ತೇನೆ: ನನ್ನ ನೀಲಿಯಂಥ ಹುಡುಗಿ ಈ ಕಡಲಲ್ಲೇ ಇಲ್ಲ!

ಅವಳು ನನ್ನನ್ನು ಆಯಿ ಎನ್ನುತ್ತಾಳೆ, ನಮ್ಮ ಕಡೆ ಅಜ್ಜಿಯನ್ನು ಹಾಗೇ ಕರೆಯುವುದು. ಅಷ್ಟೇ ಪ್ರೀತಿಯ ಆ ಅಜ್ಜನನ್ನು ಬರೀ ಆಸ್ಗರ್ ಎನ್ನುತ್ತಾಳೆ, ಓರಗೆಯವನನ್ನು ಕರೆದ ಹಾಗೆ. ಮೊದಮೊದಲು ನನ್ನ ಕಿವಿಗೆ ಅದು ಕಾದ ಎಣ್ಣೆ ಹೊಯ್ದಂತಾಗುತ್ತಿತ್ತು. ಒಮ್ಮೆ ಕದದ ಮನೆಯಿಂದ ಬಂದವಳು ನನ್ನ ಕೈಯ ಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ ಉಂಡು ಎದ್ದು ನಿಂತು, ಊಟಕ್ಕೆ ಧನ್ಯವಾದ ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. “ನಾ ಏನ್ ಖಾನಾವಳಿ ಇಟ್ಟೀನೇನ ಇಲ್ಲೆ?” ಎಂದುಬಿಟ್ಟೆ. ಅವಳು ತಬ್ಬಿಬ್ಬಾದಳು. ಆ ಸಂಜೆ ಆಸ್ಗರ್ ಬಂದರು. ಪರದೆಯನ್ನು ಬಡಿಯಲು ಬರುವುದಿಲ್ಲವಲ್ಲ, ಅದಕ್ಕೆ ಅವರು ಹೊರಗೆ ನಿಂತು ಬಾಯಲ್ಲೇ ಟಕ್ ಟಕ್ ಎನ್ನುತ್ತಾರೆ.

“ಬೀಗತಿಯವರ, ಒಳಗ ಬರಬಹುದೇನ್ರಿ?”

ನನ್ನಿಂದಲೇ ಕಲಿತ ಗದಗಿನ ಕನ್ನಡ ಅದು. “ಬರ್ರಿ ಬೀಗರ, ಯಾರ್ ಬ್ಯಾಡಂದ್ರು,” ಎಂದೆ. ಆ ಮನುಷ್ಯ ಕೂತು ನಿಧಾನಕ್ಕೆ ತಿಳಿಸಿ ಹೇಳಿದರು. ಅವರಲ್ಲಿ ಉಂಡವರು ಹಾಗೆ ಹೇಳದಿದ್ದರೆ ಅಡುಗೆ ಮಾಡಿದ ತಾಯಿಗೆ ನೋವಾಗುತ್ತದಂತೆ. ಮಾತು ಎಲ್ಲಿಂದ ಎಲ್ಲಿಗೋ ಹೋಗಿ, ಅವರ ಅಪ್ಪನ ಬಗ್ಗೆ ಬಂತು. ಆ ಅಪ್ಪ ಮಗನ ಸೈಕಲ್ ಎಷ್ಟು ಸಲ ಕೆಟ್ಟರೂ ಬೇಸರವಿಲ್ಲದೆ ರಿಪೇರಿ ಮಾಡಿ ಕೊಡುತ್ತಿದ್ದನಂತೆ, ಆದರೆ ಒಂದು ದಿನವೂ ಬಳಿಗೆ ಎಳೆದು ಕೂರಿಸಿಕೊಂಡಿರಲಿಲ್ಲ. ಮಗ ಕೇಳಿರಲಿಲ್ಲ, ಆದ್ದರಿಂದ ಅಪ್ಪ ಕೊಡಲಿಲ್ಲ.  ಕೇಳದೆ ಏನೂ ಸಿಗದೆ ಹೋದ ಆ ಹುಡುಗನ ತಟ್ಟೆಗೆ ನಾನು ಕೇಳದೆಯೇ ಎರಡು ರೊಟ್ಟಿ ಬಡಿಸಿದೆ.

ಈಗ ನನ್ನ ಭಯ ಹೇಳುತ್ತೇನೆ. ಕೆಲವು ತಿಂಗಳಿಂದ ನೀಲಿ ನಮ್ಮ ಮನೆಯಲ್ಲಿ ಬಟ್ಟೆ ಬದಲಿಸುವಾಗ ಪರದೆಗೆ ಪಿನ್ನು ಹಾಕತೊಡಗಿದ್ದಳು. ನಾನು ನುಗ್ಗಿದರೆ ಮುಖ ತಿರುಗಿಸುತ್ತಿದ್ದಳು. ನನಗೆ ಅರ್ಥವಾಗಿಹೋಯಿತು. ಕೇಳುಹಬ್ಬದಲ್ಲಿ ಅವಳು ಕೇಳುವುದು ಕದವನ್ನೇ. ಮಗು ಕದ ಕೇಳಿದರೆ ಪರದೆ ಮನೆಯ ಹಿರಿಯಳೇ ತನ್ನ ಕೈಯಾರೆ ಮಾಡಿ ಕೂರಿಸಬೇಕು ಎಂಬುದು ಪದ್ಧತಿ. ಅಂದರೆ ಬೆಳಗಿನ ಜಾವ ಹೋಗಿ ಅವಳ ಹೊದಿಕೆಯೊಳಗೆ ತೂರಿಕೊಳ್ಳುವ ನನ್ನ ಸುಖಕ್ಕೆ ನಾನೇ ಚಿಲಕ ಹಾಕಬೇಕು.  ಆದರೂ ಮಗು ಬಾಯಿಬಿಟ್ಟು ಕೇಳುವ ಕಷ್ಟ ಯಾಕೆ ಎಂದು, ಯಾರಿಗೂ ಹೇಳದೆ ಹಳೆಯ ಗಾಳಿಯಂತ್ರದ ರೆಕ್ಕೆಯ ತುಂಡು ತಂದು, ಹಿತ್ತಲಲ್ಲಿ ಕೊಯ್ದು, ಉಜ್ಜಿ, ಬಿಜಾಗರಿ ಹೊಡೆದು, ಹಿತ್ತಾಳೆಯ ಚಿಲಕ ಕೂರಿಸಿ ಕದವನ್ನು ಮೊದಲೇ ಸಿದ್ಧಮಾಡಿ ಇಟ್ಟೆ. ಕೇಳಿ ಕಾಯಬೇಕು ಎಂಬ ಹಬ್ಬಕ್ಕೆ ಕೇಳುವ ಮೊದಲೇ ಉತ್ತರ ಮಾಡಿಟ್ಟವಳು ನಾನು. ನಮ್ಮವರ ಬುದ್ಧಿ ಎಲ್ಲಿ ಹೋಗುತ್ತದೆ!

ಬೆಳಿಗ್ಗೆ ಎಲ್ಲರೂ ಅಂಗಳದಲ್ಲಿ ಸೇರಿದೆವು. ಯಂತ್ರಗಳ ರೆಕ್ಕೆಗಳ ನೆರಳು ಒಂದರ ಹಿಂದೊಂದು ಜಮಖಾನೆಯ ಮೇಲೆ ಹಾದು ಹೋಗುತ್ತಿತ್ತು. ಉಪ್ಪು ನೀರಿನಲ್ಲೇ ಬೆಳೆಯುವ ನಮ್ಮ ಕಡಲಜೋಳದ ರೊಟ್ಟಿ, ಶೇಂಗಾ ಚಟ್ನಿ, ಅವರ ಕಪ್ಪು ಬ್ರೆಡ್ಡು, ಬೆಣ್ಣೆ, ಎಲ್ಲ ಒಂದೇ ಹಾಸಿನ ಮೇಲೆ. ಮೊದಲ ಸರದಿ ಆಸ್ಗರ್ ಅವರದು. ಕೇಳದೆ ಕೊಡಬೇಕು. ಆರಡಿ ಎತ್ತರದ ಆ ಮುದುಕ ಚಿಕ್ಕ ಹುಡುಗನಂತೆ ಬೆವರುತ್ತಿದ್ದರು. ಒಂದು ಬಟ್ಟಲನ್ನು ತೆಗೆದು, ರೊಟ್ಟಿ ಮುರಿದು ಹಾಲಿನಲ್ಲಿ ಕಲಸಿ, ಬೆರಳಲ್ಲಿ ಒಂದು ತುತ್ತು ಮಾಡಿದರು. ಅದು ಹೇಗೆ ಕಲಿತರೋ, ಎಷ್ಟು ದಿನ ಒಬ್ಬರೇ ಕೂತು ಅಭ್ಯಾಸ ಮಾಡಿದರೋ! ಅರ್ಧ ಹಾಲು ಮೊಣಕೈವರೆಗೆ ಸೋರುತ್ತಿತ್ತು. ಬಾಯಿಗೆ ಇಡಲೇ ಎಂದು ಕೇಳಲು ಅವರ ತುಟಿ ಎರಡು ಸಲ ತೆರೆದು ಮುಚ್ಚಿದ್ದನ್ನು ನಾನು ಕಂಡೆ. ಕೇಳಲಿಲ್ಲ. ಕೈ ಚಾಚಿದರು. ಒಂಬತ್ತು ವರ್ಷದ ಹುಡುಗಿ, ಕದದ ಮನೆಯಲ್ಲಿ ತಾನೇ ಚಾಕು ಫೋರ್ಕು ಹಿಡಿದು ಉಣ್ಣುವವಳು, ಸುಮ್ಮನೆ ಬಾಯಿ ತೆರೆದಳು. ನುಂಗಿ, “ಇನ್ನೊಂದು, ಆಸ್ಗರ್,” ಎಂದಳು. ಅವರ ಕಣ್ಣು ತುಂಬಿ ಬಂತು. ನನ್ನದೂ ತುಂಬಿತು, ಸುಳ್ಳೇಕೆ ಹೇಳಲಿ.

ಆಮೇಲೆ ನನ್ನ ಸರದಿ. ಕೇಳಿದೆ: “ನಿನಗ ಏನ್ ಬೇಕವ್ವಾ ನೀಲಾ?”

ಅವಳು ಕಾಲ್ಬೆರಳು ನೋಡುತ್ತ ಕೂತಳು. ನಾನು ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದೆ. ಹಿತ್ತಲಿಂದ ಕದ ತಂದು ಮುಂದಿಟ್ಟು, ಇದೇ ತಾನೇ ಎಂದುಬಿಡೋಣ ಎಂದು ನಾಲಿಗೆ ತುರಿಸುತ್ತಿತ್ತು. ಜನ್ಮದಲ್ಲಿ ಅಷ್ಟು ಹೊತ್ತು ನಾನು ಬಾಯಿ ಮುಚ್ಚಿ ಕೂತಿದ್ದಿಲ್ಲ. ಕಡೆಗೆ ಅವಳು ತಲೆ ಎತ್ತಿದಳು.

“ಈಗ ಕೇಳಿದಿಯಲ್ಲ ಆಯಿ, ಹಂಗ ದಿನಾ ಕೇಳು. ಕೇಳಿ, ನಾ ಹೇಳೂ ತನಕ ಸುಮ್ಕ ಕುಂದ್ರು. ಅಷ್ಟ ಸಾಕು.”

“ಮತ್ತ ಕದ?” ಎಂದೆ, ತಡೆಯಲಾಗದೆ.

“ಕದ ಯಾಕ? ನೀ ಕೇಳಿದ್ರ ಕದ ಬ್ಯಾಡ. ಮುಂಜಾನೆ ನೀ ಬರಬೇಕಲ್ಲ.”

ನಾನು ಅವಳನ್ನು ಎದೆಗೆ ಅವುಚಿಕೊಳ್ಳಲು ಮುಂದೆ ಬಾಗಿದೆ. ಆ ಪೋರಿ ಕೈ ಅಡ್ಡ ಹಿಡಿದು, ಕದದ ಮನೆಯ ಗತ್ತಿನಲ್ಲಿ ನನ್ನ ಕಣ್ಣನ್ನೇ ನೋಡುತ್ತ ಕೇಳಿದಳು: “ನಿನಗ ಏನ್ ಬೇಕ ಆಯಿ?”

“ನನಗೇನ್ ಬೇಕವ್ವಾ, ನೀವೆಲ್ಲಾ ಚಲೋ ಇದ್ರ ಸಾಕು.”

“ಅದು ಉತ್ತರ ಅಲ್ಲ,” ಎಂದು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಉತ್ತರಕ್ಕೆ ಕಾಯುತ್ತ ಕೂತಳು!

ಅಂಗಳವೆಲ್ಲ ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ. ನನ್ನ ಸೀರೆಯ ಬಣ್ಣ ಅವ್ವ ಆರಿಸಿದಳು, ಕಲಿಯುವ ಕೆಲಸ ಅಪ್ಪ ಆರಿಸಿದ, ಗಂಡನನ್ನು ಇಬ್ಬರೂ ಸೇರಿ ಆರಿಸಿದರು. ಎಲ್ಲ ಒಳ್ಳೆಯದನ್ನೇ ಆರಿಸಿದರು, ಪ್ರೀತಿಯಿಂದಲೇ ಆರಿಸಿದರು, ನಾನು ಸುಖವಾಗಿಯೇ ಬಾಳಿದೆ. ಆದರೆ ಮೊಮ್ಮಗಳಿಗೆ ಉತ್ತರ ಹುಡುಕಲು ಹೊರಟರೆ ಒಳಗೆ ಏನೂ ಕೈಗೆ ಸಿಗಲಿಲ್ಲ. ಅವಳು ಕಾದಳು. ಆಸ್ಗರ್ ಕಾದರು. ನನ್ನ ಮಗಳು, ಅಳಿಯ, ಎಲ್ಲರೂ ಕಾದರು. ಆಮೇಲೆ ಹಿತ್ತಲಲ್ಲಿ ನಾನೇ ಕೊಯ್ದು, ಉಜ್ಜಿ, ನಿಲ್ಲಿಸಿಟ್ಟ ಆ ನುಣುಪಾದ ಕದ ಕಣ್ಣಿಗೆ ಕಟ್ಟಿತು. ಬೇರೆಯವರಿಗೆಂದು ಮಾಡುವಾಗ ಆ ಚಿಲಕವನ್ನು ಎಷ್ಟು ಆಸೆಯಿಂದ ಉಜ್ಜಿ ಹೊಳಪು ಮಾಡಿದ್ದೆ!

“ಒಂದ್ ಕದ ಮಾಡಿಟ್ಟೀನಿ,” ಎಂದೆ. “ಅದು ನನಗಿರ್ಲಿ.”

ಪರದೆ ಮನೆಯ ಹಿರಿಯಳ ಕೋಣೆಗೆ ಕದ! ನನ್ನ ಮಗಳು ಬಾಯಿ ಮೇಲೆ ಕೈ ಇಟ್ಟುಕೊಂಡಳು. ಆಸ್ಗರ್ ಎದ್ದು ಹೋಗಿ, ಯಾರನ್ನೂ ಏನನ್ನೂ ಕೇಳದೆ, ಆ ಕದವನ್ನು ಹೆಗಲ ಮೇಲೆ ಹೊತ್ತು ತಂದರು. ಇಬ್ಬರೂ ಸೇರಿ ಊಟದ ಹೊತ್ತಿಗೆ ಕೂರಿಸಿದೆವು. ಸ್ವಲ್ಪ ವಾರೆಯಾಗಿದೆ, ಇರಲಿ.

ಈಗ ಅದರ ಹಿಂದೆಯೇ ಕೂತು ಬರೆಯುತ್ತಿದ್ದೇನೆ. ಎಪ್ಪತ್ತು ದಾಟಿದ ಮೇಲೆ ಮೊದಲ ಬಾರಿ ನನ್ನದೇ ಎನ್ನುವ ನಾಲ್ಕು ಗೋಡೆ. ಸದ್ದಿಲ್ಲ, ಚಂದವಿದೆ, ಸ್ವಲ್ಪ ಹೆದರಿಕೆಯೂ ಇದೆ. ನಿಮ್ಮ ಕಾಲದಲ್ಲಿ ಕೇಳಿ ಕೊಡುವುದು, ಕೇಳದೆ ಕೊಡುವುದು, ಇವೆರಡರಲ್ಲಿ ಒಂದೇ ಸರಿ ಎಂದು ಜನ ವಾದಿಸುತ್ತಿದ್ದರೆಂದು ಓದಿದ್ದೇನೆ. ನಿಮ್ಮಲ್ಲಿ ನನ್ನದೊಂದೇ ಬೇಡಿಕೆ. ಇವತ್ತು ನಿಮ್ಮ ಮನೆಯಲ್ಲಿ ಒಬ್ಬರಿಗೆ ಕೇಳದೆ ಒಂದು ತುತ್ತು ತಿನ್ನಿಸಿ. ಇನ್ನೊಬ್ಬರನ್ನು, ಮಕ್ಕಳೇ ಆಗಬೇಕೆಂದಿಲ್ಲ, ನಿಮ್ಮ ಅವ್ವನನ್ನಾದರೂ ಸರಿ, ಏನು ಬೇಕೆಂದು ಕೇಳಿ. ಕೇಳಿದ ಮೇಲೆ ಕಾಯಿರಿ. ಆಕೆಗೆ ಬಹಳ ಹೊತ್ತು ಹಿಡಿಯಬಹುದು, ಎದ್ದು ಹೋಗಬೇಡಿ. ಇನ್ನೂ ಬರೆಯುವುದಿತ್ತು, ಆದರೆ

ತಡೆಯಿರಿ. ಯಾರೋ ಬಡಿಯುತ್ತಿದ್ದಾರೆ. ಬಾಯಲ್ಲಿ ಅಲ್ಲ, ನಿಜವಾಗಿ, ನನ್ನ ಕದವನ್ನು!

“ಆಯಿ, ಒಳಗ ಬರ್ಲೇನ್?”

ಕೇಳಿದಿರಾ? ನನ್ನನ್ನು ಕೇಳುತ್ತಿದ್ದಾಳೆ. ಈಗಲೇ ಬಾ ಎನ್ನುವುದಕ್ಕೆ ಮನಸ್ಸಾಗುತ್ತಿಲ್ಲ, ಇನ್ನೊಂದು ಸಲ ಬಡಿಯಲಿ.

ನಿಮ್ಮ ಮುಂದಿನವಳು,
ಚನ್ನಬಸವ್ವ