ಕೆತ್ತಿದವನು, ಬಣ್ಣ ಹಚ್ಚಿದವಳು

ಪಾಯೆತೆ,
ಫೆಬ್ರವರಿ 3, 2008

ನನ್ನ ಮುದ್ದಿನ ಅದೆಲಾ,

ನಿನ್ನ ಕಾಗದ ಬಂತು. ಎರಡೇ ಸಾಲು. ‘ಇಪ್ಪತ್ತೊಂದಕ್ಕೆ ಅಮ್ಮನ ವರ್ಷಕ್ಕೆ, ಕರಿ ಬಟ್ಟೆ ಕಳಚುವ ಶಾಸ್ತ್ರಕ್ಕೆ ಬರುವುದಿಲ್ಲ. ನನ್ನನ್ನು ಬಿಟ್ಟುಹೋದವಳಿಗಾಗಿ ನಾನು ಕರಿ ಬಟ್ಟೆ ಉಟ್ಟೇ ಇಲ್ಲ, ಕಳಚುವುದೇನು?’ ಹಲ್ಲಿನ ಡಾಕ್ಟರು ನೀನು, ಕೀಳಬೇಕಾದ್ದನ್ನು ಒಂದೇ ಎಳೆತಕ್ಕೆ ಕಿತ್ತಿದ್ದೀಯ.

ನನಗೆ ಆ ಚುರುಕು ಇಲ್ಲ. ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ‘ಕಮ್ ಟು ದಿ ಪಾಯಿಂಟ್, ಎಉಸೆಬಿಯೊ’ ಎಂದು ದಿನಾ ಗದರುತ್ತಿದ್ದರು. ಎರಡು ವರ್ಷ ಕಲಿತ ಇಂಗ್ಲಿಷಿನಲ್ಲಿ ಈಗ ನೆನಪಿರುವುದು ಹೆಚ್ಚುಕಡಿಮೆ ಅದೊಂದೇ. ಸುತ್ತಿ ಬಳಸಿ ಬರುತ್ತೇನೆ, ಸಹಿಸಿಕೋ.

ಆ ಮೇಷ್ಟ್ರೇ ಹೇಳಿದ್ದು, ಪ್ಲಾಸಿಡಾ ಎಂದರೆ ಶಾಂತ ಸ್ವಭಾವದವಳು ಅಂತ. ನಿನ್ನಮ್ಮನಿಗೆ ಆ ಹೆಸರಿಟ್ಟವರ ಧೈರ್ಯಕ್ಕೆ ಮೆಚ್ಚಬೇಕು. ಮೊದಲ ಸಲ ಅವಳು ನಮ್ಮ ಕೆತ್ತನೆಯ ಅಂಗಳಕ್ಕೆ ಬಂದಾಗ ನಾನು ಕೆತ್ತಿದ ಸಂತ ಅನ್ನಾಳ ತಲೆ ಅವಳ ಕಂಕುಳಲ್ಲಿತ್ತು. “ಯಾರಪ್ಪಾ ಇದನ್ನ ಕೆತ್ತಿದ್ದು? ಈ ಅಜ್ಜಿಗೆ ಹಲ್ಲುನೋವಾ?” ಅಂದಳು. “ಬಣ್ಣ ಬಳಿಯೋರಿಗೆ ಮರದ ವಿಚಾರ ಯಾಕಮ್ಮಾ?” ಅಂದೆ. “ಮರ ಸುಮ್ನೇ ಇದೆ, ಮಾತಾಡ್ತಿರೋದು ನೀನೇ,” ಅಂದು ಹೊರಟೇಹೋದಳು. ವಾರದ ಮೇಲೆ ಬಣ್ಣ ಹಚ್ಚಿದ ತಲೆ ವಾಪಸ್ಸು ಬಂತು. ನನ್ನ ಉಳಿ ಜಾರಿ ಬಿದ್ದಿದ್ದ ಗೀರು ಅಜ್ಜಿಯ ತುಟಿಯಂಚಿನ ನಗುವಾಗಿತ್ತು. ಆ ನಗುವನ್ನು ನಾನು ಕೆತ್ತಿರಲಿಲ್ಲ. ಮೂರು ತಿಂಗಳಿಗೆ ಮದುವೆಯಾಯಿತು.

ಈ ಕಸುಬಿನಲ್ಲಿ ಕೆತ್ತುವವನ ಕೈ ಮೊದಲು, ಬಣ್ಣದವಳ ಕೈ ಕೊನೆಗೆ. ಸಂತ ಯಾರ ಕಡೆ ನೋಡಬೇಕು, ಕ್ಷಮಿಸಬೇಕೋ ಬೇಡವೋ, ಎಲ್ಲ ಅವಳ ಕುಂಚದ ತುದಿಯಲ್ಲಿ. ಜನ ಮೊಣಕಾಲೂರುವುದು ಅವಳು ಬರೆದ ಕಣ್ಣಿನೆದುರು. ಇದು ನನ್ನೊಳಗೆ ಮುಳ್ಳಿನ ಹಾಗೆ ಆಡುತ್ತಿತ್ತು. ಒಮ್ಮೆ ಜಗಳದ ಸಿಟ್ಟಿನಲ್ಲೇ ದುಃಖಿ ಮಾತೆಯ ದವಡೆ ಕೆತ್ತಿದೆ. ಅವಳು ಬೇಕೆಂದೇ ಅದನ್ನು ತಿದ್ದದೆ ಕಳಿಸಿದಳು. “ದೇವಮಾತೆಗೆ ನಮ್ಮ ಮೇಲೆ ಯಾಕಿಷ್ಟು ಕೋಪ?” ಎಂದು ಪಾದ್ರಿಗಳು ಕೇಳಿದರೆ, “ಕೆತ್ತಿದೋನ್ನ ಕೇಳಿ ಫಾದರ್, ಮನೇಲಿ ದಿನಾ ನೋಡೋದನ್ನೇ ಕೆತ್ತಿದಾನೆ,” ಅನ್ನುವುದೇ!

ಆಮೇಲಿನ ವರ್ಷ ಸಂತ ಪೇತ್ರನ ಮೂಗಿಗೆ ನನ್ನ ಮೂಗಿನ ಸಾರಾಯಿ ಕೆಂಪನ್ನೇ ಹಚ್ಚಿದಳು. ಸಂತರನ್ನು ಗಾಡಿಯ ಮೇಲೆ ಹೊರಡಿಸುವ ಪವಿತ್ರ ವಾರದ ಮೆರವಣಿಗೆಯಲ್ಲಿ ಬೀದಿಗೆ ಬೀದಿಯೇ ಕೂಗಿತು, “ನೋಡ್ರೋ, ಸೆಬ್ಯೋ ಗಾಡಿ ಹತ್ಕೊಂಡು ಹೊರಟಿದಾನೆ!” ಊರಿನ ಜೊತೆ ನಾನೂ ನಕ್ಕೆ. ಮನೆಗೆ ಬಂದು ಅವಳ ಕುಂಚಗಳನ್ನೆಲ್ಲ ಮುರಿದೆ. ಅವಳು ನನ್ನ ಉಳಿಗಳನ್ನು ಊರ ಪಕ್ಕದ ಸರೋವರಕ್ಕೆ ಎಸೆದಳು. ಮರುದಿನ ಇಬ್ಬರೂ ಮೊಣಕಾಲುದ್ದ ನೀರಿನಲ್ಲಿ ಕೆಸರು ತಡಕಾಡಿದೆವು. ಅವಳು ಜಾರಿ ಬಿದ್ದಳು, ಎತ್ತಲು ಹೋಗಿ ನಾನೂ ಬಿದ್ದೆ. ಮೂರು ಉಳಿ ಸಿಕ್ಕವು. ಅಷ್ಟು ಸುಖವಾಗಿ ನಾವು ಎಂದೂ ನಕ್ಕಿಲ್ಲ. ದಡದಲ್ಲಿ ಕೂತು ನೀನು ಅಳುತ್ತಿದ್ದೆಯಂತೆ. ನಮಗೆ ಕೇಳಿಸಲಿಲ್ಲ.

ಎಪ್ಪತ್ತೊಂಬತ್ತರಲ್ಲಿ ಕಡೆಯ ಭೋಜನದ ಹದಿಮೂರು ತಲೆಗಳ ಕೆಲಸ ಬಂತು. ನಮ್ಮ ಕೂಗಾಟದ ನಡುವೆ ಮಗು ಬೇಡವೆಂದು ನಿನ್ನನ್ನು ಎರಡು ವಾರಕ್ಕೆಂದು ಲಿಪಾಗೆ, ನನ್ನಕ್ಕ ಸಬೆಲ್ ಮನೆಗೆ ಕಳಿಸಿದೆವು. ನಿನಗೆ ಆರು ವರ್ಷ. ಆಗ ನಾನೊಂದು ಕೆಲಸ ಮಾಡಿದೆ. ಹದಿಮೂರು ಮುಖಗಳಿಗೂ ರೆಪ್ಪೆಯನ್ನು ಕೆಳಗಿಳಿಸಿ ಕೆತ್ತಿದೆ. ಕಣ್ಣೇ ಇಲ್ಲದ ಮೇಲೆ ಕಣ್ಣು ಬರೆಯುವುದೆಲ್ಲಿ? ಸಾಲಾಗಿಟ್ಟಿದ್ದ ತಲೆಗಳನ್ನು ಅವಳು ಒಂದೊಂದಾಗಿ ನೋಡುತ್ತ ನಡೆದಳು. “ಹದಿಮೂರು ಜನಕ್ಕೂ ಒಟ್ಟಿಗೇ ನಿದ್ದೆ ಬಂತಾ ಸೆಬ್ಯೋ? ಸರಿ ಬಿಡು, ನನ್ನ ಕೆಲಸ ಮುಗೀತು,” ಅಂದಳು. ಕೂಗಲಿಲ್ಲ. ಕೂಗಿದ್ದರೆ ನಾನು ಹೆದರುತ್ತಿರಲಿಲ್ಲ. ಸಂಜೆಯ ಬಸ್ಸಿಗೆ ಮನಿಲಾಗೆ ಹೋದಳು.

ಎರಡು ವರ್ಷ ಅಲ್ಲಿ ಹಳೆಯ ಸಂತರ ಬಣ್ಣ ರಿಪೇರಿ ಮಾಡಿಕೊಂಡಿದ್ದು ವಾಪಸ್ಸು ಬಂದಳು. ನಿನ್ನನ್ನು ಕರೆಯಲು ಲಿಪಾಗೆ ಬಂದವಳಿಗೆ ನೀನು, “ನಂಗೆ ಅತ್ತೆ ಸಾಕು, ಇವರು ಬೇಡ,” ಅಂದೆಯಂತೆ. ರಜೆಗೆ ಬಂದಾಗಲೂ ನನ್ನ ಮಗ್ಗುಲಲ್ಲೇ ಕೂತು ಊಟ ಮಾಡುತ್ತಿದ್ದೆ. ನಾನು ಬೇಡ ಅನ್ನಲಿಲ್ಲ. ಅವಳ ಪಾಲಿನ ಪ್ರೀತಿಯನ್ನೂ ನಾನೇ ಉಂಡೆ.

ಮತ್ತೆ ಇಪ್ಪತ್ತಾರು ವರ್ಷ ಬಾಳಿದೆವು. ಜಗಳ ಕಮ್ಮಿಯಾಯಿತು. ಕಡೆಕಡೆಗೆ ಅವಳ ಕೈ ನಡುಗುವಾಗ ನಾನು ಮೊಣಕೈ ಹಿಡಿಯುತ್ತಿದ್ದೆ, ಅವಳು ರೆಪ್ಪೆಯ ಕೂದಲು ಬರೆಯುತ್ತಿದ್ದಳು. “ಉಸಿರು ಬಿಡಬೇಡ್ವೋ ಮುದುಕಾ, ಸಂತನಿಗೆ ನೆಗಡಿ ಆಗತ್ತೆ,” ಅನ್ನುತ್ತಿದ್ದಳು.

ಬಾ ಮಗಳೇ. ಬಗಿಯೊದಿಂದ ದೂರದ ಹಾದಿ, ಗೊತ್ತು. ನಿನಗಿಷ್ಟವಾದ ಎಮ್ಮೆ ಹಾಲಿನ ಚೀಸು, ಬಿಸಿ ಬನ್ನು ತರಿಸಿಡುತ್ತೇನೆ. ಒಂದೇ ಒಂದು ದಿನ ಬಾ.

ನಿನ್ನ ದಾರಿ ಕಾಯುತ್ತಿರುವ,
ಅಪ್ಪ ಸೆಬ್ಯೋ

ತಾ.ಕ.: ಲಕೋಟೆ ಅಂಟಿಸಿ, ಮತ್ತೆ ಹರಿದೆ. ಅಮ್ಮ ನಿನ್ನನ್ನು ಬಿಟ್ಟುಹೋಗಲಿಲ್ಲ. ಮನಿಲಾದಲ್ಲಿ ಒಂದು ಕೋಣೆ ಹಿಡಿದು ಮೂರನೆಯ ದಿನವೇ ನಿನ್ನನ್ನು ಕರೆದೊಯ್ಯಲು ಲಿಪಾಗೆ ಹೋದಳು. ಅಷ್ಟರಲ್ಲಿ ನಾನು ಹೋಗಿ ಅಕ್ಕನಿಗೆ ಹೇಳಿದ್ದೆ, “ಮಗೂನ ಕೊಡಬೇಡ. ಮಗು ನಮ್ಮ ಹತ್ರ ಇದ್ರೆ ಅವಳು ಬಂದೇ ಬರ್ತಾಳೆ.” ಎರಡು ವರ್ಷ ಪ್ರತಿ ಭಾನುವಾರ ಅವಳು ಆ ಬಾಗಿಲು ತಟ್ಟಿದಳು. ಸಬೆಲ್ ನಿನ್ನನ್ನು ಹಿತ್ತಲ ಬಾಗಿಲಿನಿಂದ ಚರ್ಚಿನ ಪೂಜೆಗೆ ಕರೆದೊಯ್ಯುತ್ತಿದ್ದಳು. ನಿನ್ನ ಹತ್ತಿರ ಬರಲು ಬೇರೆ ದಾರಿಯಿಲ್ಲದೆ ಅವಳು ನನ್ನ ಹತ್ತಿರ ಬಂದಳು. ನಿನಗೆ ಹೇಳಿಬಿಡಲಾ ಎಂದು ಅವಳನ್ನು ಒಮ್ಮೆ ಕೇಳಿದ್ದೆ. “ಬೇಡ. ಅಮ್ಮ ಇಲ್ದೆ ಹೇಗೋ ಬದುಕೋದು ಕಲ್ತಿದಾಳೆ. ಈಗ ಅಪ್ಪನ್ನೂ ಅತ್ತೇನೂ ಕಿತ್ಕೊಂಡ್ರೆ ಮಗೂಗೆ ಯಾರಿದಾರೆ?” ಅಂದಳು. ಆ ಮಾತಿನ ಮರೆಯಲ್ಲಿ ನಾನು ಇಷ್ಟು ವರ್ಷ ಅಡಗಿ ಕೂತಿದ್ದೆ. ನನ್ನ ಮುಖ ನೋಡದೆಯೂ ನೀನು ಬಂದುಹೋಗಲೆಂದು ಇಪ್ಪತ್ತೊಂದರಂದು ನಾನು ಊರಲ್ಲಿರುವುದಿಲ್ಲ. ಮನೆಯ ಕೀಲಿಕೈ ಎದುರುಮನೆಯಲ್ಲಿ ಕೊಟ್ಟಿರುತ್ತೇನೆ. ಅವಳ ಸಮಾಧಿ ಎಡಗಡೆಯ ಸಾಲಿನಲ್ಲಿ ಮೂರನೆಯದು. ಮಣ್ಣು ಮಾಡಿದ ದಿನ ನೀನು ಹೊರಗಿನ ರಸ್ತೆಯಲ್ಲೇ ನಿಂತು ಹಿಂದಿರುಗಿದೆ, ಕಂಡಿರಲಿಕ್ಕಿಲ್ಲ.