ಡೋಲು ಸಂಘಕ್ಕೆ ಐವತ್ತು

ಏಪ್ರಿಲ್ ೮
ಮತ್ತೆ ಮೀಟಿಂಗ್. ಮತ್ತೆ ಟೀ-ಶರ್ಟ್ ಬಣ್ಣ. ನೀಲಿಯೋ ಹಳದಿಯೋ ಅಂತ ಎರಡು ಗಂಟೆ ಕಿತ್ತಾಡಿ, ಕೊನೆಗೆ ಮೆಕ್ಕೆಜೋಳದ ಕೆಂಕಿ ಉಂಡೆ, ಕರಿದ ಮೀನು ತಿಂದು ಎದ್ದರು. ನಮ್ಮ ಯುವ ಡೋಲು ಸಂಘಕ್ಕೆ ಐವತ್ತು ತುಂಬುತ್ತಿದೆ, ಇವರಿಗೆ ಬಣ್ಣದ ಚಿಂತೆ. ಮಿಕ್ಕಿದ್ದೆಲ್ಲ ಕಾರ್ಯದರ್ಶಿಯ ತಲೆಗೆ, ಅಂದರೆ ನನ್ನ ತಲೆಗೆ.
ಇರಲಿ. ಮೇ ೨೩ಕ್ಕೆ ಉತ್ಸವ. ಜೂನ್ ೪ಕ್ಕೆ ನನಗೆ ಮೂವತ್ತಾರು, ಅಂದಿಗೆ ಸಂಘದಿಂದ ಹೊರಗೆ. ಮೂವತ್ತೈದು ದಾಟಿದವರು ಇರುವಂತಿಲ್ಲ. ಐವತ್ತೆರಡರ 'ಯುವ' ಅಧ್ಯಕ್ಷರೊಬ್ಬರನ್ನು ಕುರ್ಚಿಯಿಂದ ಇಳಿಸಲು ನಾನೇ ಹಟ ಹಿಡಿದು ತಂದ ನಿಯಮ. ಈಗ ಯಾರನ್ನು ಬೈಯಲಿ? ಇಪ್ಪತ್ತು ವರ್ಷ ದುಡಿದಿದ್ದೇನೆ. ಮೆರವಣಿಗೆಯ ಮುಂದೆ ಒಮ್ಮೆ ನಡೆದು ಹೊರಡಬೇಕು. ಅಷ್ಟೇ ಆಸೆ.

ಏಪ್ರಿಲ್ ೨೭, ಬೆಳಿಗ್ಗೆ
ರೇಡಿಯೊದಲ್ಲಿ ಹೇಳಿದರು. ಬಿತ್ತನೆಯಾದ ಮೇಲೆ ಊರು ಮೌನ ಹಿಡಿಯುವ ತಿಂಗಳು ಈ ಸಲ ಮೇ ೧೧ರಿಂದ ಜೂನ್ ೧೧. ಡೋಲು ಬಾರಿಸುವ ಹಾಗಿಲ್ಲ, ಚಪ್ಪಾಳೆ ಕೂಡ ಇಲ್ಲ. ವರ್ಷವರ್ಷವೂ ಇರುವುದೇ. ಈ ಅಕ್ರಾ ಕಡಲಂಚಿನಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಅಧ್ಯಕ್ಷ ಓಡಾರ್ಟೆಗೆ ಮರೆತೇ ಹೋಗಿತ್ತಂತೆ, ಟೀ-ಶರ್ಟ್ ತಲೆಬಿಸಿಯಲ್ಲಿ.
ಎಲ್ಲರ ಮೇಲೂ ಕೂಗಾಡಿದೆ. ತಾರೀಕು ಆರಿಸಿದವಳು ನಾನು. ಜೂನ್ ೪ರೊಳಗೆ ಆಗಬೇಕು ಅಂತ ಒಂದೇ ಧ್ಯಾನ... ಥೂ.

ಮೇ ೩
ಮೇ ೧೧ರೊಳಗೆ ಮುಗಿಸಲು ದಿನ ಸಾಲದು. ಮೇ ೨೩ಕ್ಕೇ ಒಳಗೆ ಕೂತು, ಸದ್ದಿಲ್ಲದೆ ಭಾಷಣ, ಕೇಕ್ ಮುಗಿಸೋಣ ಅಂತ ಮೂವರು. ಜೂನ್ ೨೦ಕ್ಕೆ ಮುಂದೂಡೋಣ ಅಂತ ಮೂವರು. ಬೇಕಾದರೆ ಬಾಯಲ್ಲೇ ಮೆಲ್ಲಗೆ ದುಂ ದುಂ ಅನ್ನೋಣ ಅಂತ ಓಡಾರ್ಟೆಯ ಸಲಹೆ. ಅವನ ತಲೆ.
ಉಳಿದಿದ್ದು ನನ್ನ ಮತ. ಉಪಕಾರ್ಯದರ್ಶಿ ಕೋರ್ಕೊಯಿ, ಇಪ್ಪತ್ತೊಂದರ ಹುಡುಗಿ, ಎದ್ದು ನಿಂತಳು.
"ಅಕ್ಕಾ, ಜೂನ್ ಇಪ್ಪತ್ತಕ್ಕೆ ನೀವಿರಲ್ಲ. ನೀವಿಲ್ದೆ ನಮ್ಗೆಂಥ ಹಬ್ಬ? ಸದ್ದಿಲ್ದಿದ್ರೂ ಪರ್ವಾಗಿಲ್ಲ."
ಹೂಂ ಅಂದರೆ ಸಾಕಿತ್ತು. ಆದರೆ ಡೋಲು ಸಂಘದ ಮಕ್ಕಳು ಐವತ್ತನೇ ವರ್ಷಕ್ಕೆ ಕೈಕಟ್ಟಿ ಕೂತು ಕೇಕ್ ತಿನ್ನುವುದೇ?
"ಜೂನ್ ಇಪ್ಪತ್ತು. ಮಿನಿಟ್ಸ್‌ನಲ್ಲಿ ಬರ್ಕೋ. ಇನ್ಮೇಲೆ ಅದು ನಿನ್ ಕೆಲ್ಸ," ಅಂದೆ.
ಮನೆಗೆ ಬಂದು ಅತ್ತೆ. ಸಿಟ್ಟಿಗೆ — ಬೇರೇನಿಲ್ಲ.

ಜೂನ್ ೫
ಬೀಗದ ಕೈ, ಕಡತ ಎಲ್ಲ ಕೊಟ್ಟಾಯಿತು. ಕೋರ್ಕೊಯಿ ಹತ್ತು ಸಲ ಫೋನ್ ಮಾಡಿದಳು. ಎತ್ತಲಿಲ್ಲ. ಎತ್ತಿದರೆ ಹೇಳಿಕೊಡುತ್ತೇನೆ, ಹೇಳಿಕೊಡುತ್ತ ಮತ್ತೆ ನಾನೇ ಮಾಡುತ್ತೇನೆ.

ಜೂನ್ ೨೦, ಮಧ್ಯಾಹ್ನ ೩
ಹೋಗಿಲ್ಲ. ಹೋಗುವುದೂ ಇಲ್ಲ. ಅತಿಥಿಗಳ ಸಾಲಿನಲ್ಲಿ ನನಗೊಂದು ಕುರ್ಚಿ ಹಾಕಿದ್ದಾರಂತೆ, ಮುದುಕರ ಪಕ್ಕ. ಅವರೇ ಕೂತುಕೊಳ್ಳಲಿ.
ಡೋಲು ಕೇಳಿಸುತ್ತಿದೆ. ನಮ್ಮ ಬೀದಿಗೇ ಬರುತ್ತಿದೆ. ಚೆನ್ನಾಗಿದೆ... ಅಲ್ಲ, ಏನಿದು, ಇಷ್ಟು ಜೋರು ನಡೆ? ಹೀಗೆ ಓಡಿಸಿದರೆ ಸಣ್ಣ ಮಕ್ಕಳು ಕಡಲು ಮುಟ್ಟುವ ಮೊದಲೇ ಕುಸಿದು ಕೂರುತ್ತಾರೆ. ದೊಡ್ಡ ಡೋಲಿನವನಿಗೆ ಹೇಳುವವರೇ ಇಲ್ಲವಾ? ಕೋರ್ಕೊಯಿ ಏನು ಮಾಡುತ್ತಿದ್ದಾಳೆ — ಅಯ್ಯೋ, ಬಾಗಿಲಿಗೇ ಬಂದರು — ನನ್ನ ಚಪ್ಪಲಿ ಎಲ್ಲಿ