ಬೀಗ ಕೊಟ್ಟರೆ ಮುಟ್ಟಬೇಡಿ

ನಮ್ಮ ಮನೆಯವರಿಗೆ,

ಠಾಣೆಗೆ ಹೊರಡುವಾಗ ನೀವು ಬೇಡವೆಂದರೂ ವಕೀಲರನ್ನು ಗೊತ್ತುಮಾಡಿದ್ದೇನೆ. ನಿಮ್ಮ ತಮ್ಮ ಈ ಪತ್ರ ಕೊಟ್ಟ ಬೆನ್ನಲ್ಲೇ ಆ ವಕೀಲೆ ಬರುತ್ತಾರೆ.

ಕೀಲಿ ಕಳೆದುಕೊಂಡ ಮಾಲೀಕನೆಂದು ನಂಬಿಸಿ ನಿಮ್ಮಿಂದ ಗಡಿಯಾರದಂಗಡಿಯ ಬೀಗ ತೆಗೆಸಿದವನು ಕಳ್ಳನೆಂದು ನಿಮಗೆ ತಿಳಿದಿರಲಿಲ್ಲ. ತಪ್ಪು ಮಾಡದವನಿಗೆ ವಕೀಲರೇಕೆ ಎಂಬ ನಿಮ್ಮ ಮಾತನ್ನು ಆಕೆಗೆ ಹೇಳಿದೆ.

“ತಪ್ಪು ಮಾಡದವರೇ ಕೇಳಿದ್ದಕ್ಕೆಲ್ಲ ಬಾಯಿ ಬಿಡೋದು. ಅದಕ್ಕೇ ಮೊದಲನೇ ಪ್ರಶ್ನೆಗೂ ಮುಂಚೆ ನಾನಿರಬೇಕು,” ಅಂದರು. ಆಮೇಲೆ, “ನಿಮ್ಮನೆಯವರಿಗೆ ಹೊಗಳಿಸಿಕೊಳ್ಳೋದು ಇಷ್ಟಾನಾ?” ಎಂದು ಕೇಳಿದರು.

ನಿಮ್ಮ ಮುಖವನ್ನೂ ಕಂಡವರಲ್ಲ. ನೀವು ಬೀಗಕ್ಕೆ ಕಿವಿಗೊಡುವ ಹಾಗೆ ನನ್ನ ಮಾತಿಗೆ ಕಿವಿಗೊಟ್ಟು ನಿಮ್ಮ ಆ ಚಪಲವನ್ನು ಹಿಡಿದುಬಿಟ್ಟರು.

ಪೊಲೀಸರು ಬೀಗ ಕೊಟ್ಟು, “ಎಷ್ಟು ಬೇಗ ತೆಗೀತೀಯ, ತೋರಿಸು” ಅಂದರೆ ಕೈಕಟ್ಟಿ ಕೂತಿರಿ. ಆಕೆ ಪಕ್ಕಕ್ಕೆ ಬರುವವರೆಗೆ ಬಾಯಿಯೂ ತೆರೆಯಬೇಡಿ.

ನಿಮ್ಮ ಕೈಚಳಕ ಸದ್ಯಕ್ಕೆ ನನಗೊಬ್ಬಳಿಗೆ ಗೊತ್ತಿದ್ದರೆ ಸಾಕು.

ಇಂತಿ,
ನಿಮ್ಮವಳು